ಹಲ್ಲಿಲ್ಲದವರ ಕಡಲೆ

ನಮ್ಮ ದೊಡ್ಡಮ್ಮ ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದಳು. ಹದಿನಾಲ್ಕನೇ ನಂಬರಿನ ಬಸ್ಸು. ಹಳೆಯ ಗಿರಣಿಯ ಹತ್ತಿರ ಹೊರಟು, ಬಟ್ಟೆ ಅಂಗಡಿಗಳ ಬೀದಿ ಹಾದು, ಕೋರ್ಟಿನ ಮುಂದೆ ತಿರುಗಿ, ನದಿಯ ಸೇತುವೆ ದಾಟಿ, ದೊಡ್ಡಾಸ್ಪತ್ರೆಯ ಗೇಟಿಗೆ ಬಂದು ಮುಗಿಯುವ ದಾರಿ ಅದು. ಹೋಗುವಾಗ ಇಪ್ಪತ್ತೆರಡು ಸ್ಟಾಪು, ಬರುವಾಗ ಇಪ್ಪತ್ತೊಂದು. ಆ ಒಂದು ಸ್ಟಾಪು ಎಲ್ಲಿ ಹೋಗುತ್ತೆ ಎಂದು ಚಿಕ್ಕಂದಿನಲ್ಲಿ ನಾನು ಕೇಳಿದರೆ, "ನದಿಗೆ ಬಿದ್ದುಹೋಗುತ್ತೆ ಕಣೇ" ಎನ್ನುತ್ತಿದ್ದಳು. ನಾನು ಬಹಳ ದಿನ ಅದನ್ನು ನಂಬಿದ್ದೆ.

ಡ್ರೈವರ್ ಸೀಟಿನಲ್ಲಿ ಕೂತು ನೋಡಿದ ಊರು ಊರಲ್ಲ, ಕನಸು ಎಂದು ಅವಳು ಹೇಳುತ್ತಿದ್ದಳು. ಎಲ್ಲವೂ ಎದುರಿಗೆ ಬರುತ್ತದೆ, ದೊಡ್ಡದಾಗುತ್ತದೆ, ಪಕ್ಕಕ್ಕೆ ಜಾರಿ ಕನ್ನಡಿಯೊಳಗೆ ಸಣ್ಣದಾಗಿ ಮಾಯವಾಗುತ್ತದೆ. ಯಾವುದನ್ನೂ ಮುಟ್ಟಲು ಆಗುವುದಿಲ್ಲ. ಬೇಕರಿಯ ಬಾಗಿಲಲ್ಲಿ ಒಬ್ಬಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತಿರುವುದು ಕಾಣುತ್ತದೆ, ಅವಳ ದನಿ ಹೇಗಿದೆ ಗೊತ್ತಿಲ್ಲ. ಹೋಟೆಲಿನ ಕಿಟಕಿಯಲ್ಲಿ ಹಬೆ ಕಾಣುತ್ತದೆ, ವಾಸನೆ ಗೊತ್ತಿಲ್ಲ. "ಈ ಊರಿನ ಬಾಗಿಲೆಲ್ಲ ನನಗೆ ಗೊತ್ತು, ಒಳಗೆ ಏನಿದೆ ಅಂತ ಮಾತ್ರ ಕೇಳಬೇಡ."

ನಿವೃತ್ತಿಯಾದ ಮೇಲೂ ಅವಳ ಮೈ ಬಸ್ಸು ಓಡಿಸುವುದನ್ನು ಬಿಡಲಿಲ್ಲ. ಕುರ್ಚಿಯಲ್ಲಿ ಕೂತು ತೂಕಡಿಸುವಾಗ ಬಲಗಾಲು ಬ್ರೇಕು ಹುಡುಕುತ್ತಿತ್ತು. ಯಾರಾದರೂ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ತಲೆ ಎತ್ತಿ, ಇಲ್ಲದ ಕನ್ನಡಿಯಲ್ಲಿ ನೋಡುತ್ತಿದ್ದಳು.

ಮನೆಯಲ್ಲಿ ಇದ್ದದ್ದು ಇಬ್ಬರೇ. ಮೂರನೇ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ. ಇನ್ನೊಬ್ಬಳು ದೊಡ್ಡಪ್ಪನ ತಂಗಿ, ಅಂದರೆ ದೊಡ್ಡಮ್ಮನ ನಾದಿನಿ. ಮದುವೆಯಾಗಿರಲಿಲ್ಲ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು ಹಾಕಿಕೊಂಡು ಜನರ ಉದ್ದ ಪ್ಯಾಂಟುಗಳನ್ನು ಗಿಡ್ಡ ಮಾಡಿ, ಬಿಗಿ ಕೋಟುಗಳನ್ನು ಸಡಿಲ ಮಾಡಿ ಕೊಡುತ್ತಿದ್ದಳು. ನಾವೆಲ್ಲ ಅವಳನ್ನು ಟೇಲರತ್ತೆ ಎನ್ನುತ್ತಿದ್ದೆವು. ಅವಳ ನಾಲಿಗೆ ಅವಳ ಕತ್ತರಿಗಿಂತ ಹರಿತ. ಅಳತೆ ತಪ್ಪಿದ್ದು ಬಟ್ಟೆಯಾಗಲಿ ಮನುಷ್ಯರಾಗಲಿ, ಅವಳ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

ಅತ್ತಿಗೆ ನಾದಿನಿ ಇಬ್ಬರದೂ ಎಣ್ಣೆ ಸೀಗೆಕಾಯಿ. ಮೊದಲು ಹಾಗಿರಲಿಲ್ಲವಂತೆ. ದೊಡ್ಡಪ್ಪ ತೀರಿಕೊಂಡ ದಿನದಿಂದ ಹಾಗಾದದ್ದು.

ಅದು ಅವಳ ನಿವೃತ್ತಿಗೆ ಸುಮಾರು ಒಂಬತ್ತು ವರ್ಷ ಮುಂಚಿನ ಮಾತು. ದೊಡ್ಡಪ್ಪ ದೊಡ್ಡಾಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಎಂಟು ದಿನದಿಂದ ಮಲಗಿದ್ದರು. ಸುಧಾರಿಸುತ್ತಿದ್ದಾರೆ ಎಂದು ಡಾಕ್ಟರು ಹೇಳಿದ್ದರಿಂದ ದೊಡ್ಡಮ್ಮ ಆ ಬೆಳಿಗ್ಗೆ ಡ್ಯೂಟಿಗೆ ಹೋಗಿದ್ದಳು. ಹನ್ನೊಂದರ ಹೊತ್ತಿಗೆ ಇದ್ದಕ್ಕಿದ್ದಂತೆ ಉಸಿರು ಎಳೆಯಿತು. ಹಾಸಿಗೆಯ ಪಕ್ಕದಲ್ಲಿದ್ದ ಟೇಲರತ್ತೆ ಡಿಪೋಗೆ ಫೋನು ಮಾಡಿಸಿದಳು. ಕೋರ್ಟಿನ ಸ್ಟಾಪಿನಲ್ಲಿ ಟೈಮ್‌ಕೀಪರ್ ಓಡಿಬಂದು ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಸುದ್ದಿ ಹೇಳಿದ. ಆಸ್ಪತ್ರೆಗೆ ಬೇಗ ಹೋಗಲು ಇದ್ದ ದಾರಿ ಅವಳ ಕೈಯಲ್ಲೇ ಇದ್ದ ಆ ಬಸ್ಸು. ಟೇಲರತ್ತೆ ನಾಲ್ಕನೇ ಮಹಡಿಯ ಕಿಟಕಿಯಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ಹದಿನಾಲ್ಕನೇ ನಂಬರು ಗೇಟಿಗೆ ಬಂತು. ಆದರೆ ದೊಡ್ಡಮ್ಮ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ದೊಡ್ಡಪ್ಪ ಹೋಗಿ ಹನ್ನೆರಡು ನಿಮಿಷ ಆಗಿತ್ತು.

"ಎಲ್ಲಾ ಸ್ಟಾಪಲ್ಲೂ ನಿಲ್ಲಿಸ್ಕೊಂಡು ಬಂದ್ರಾ ಅತ್ತಿಗೆ?" ಎಂದು ಟೇಲರತ್ತೆ ಕೇಳಿದಳು.

"ಹೂಂ, ನಿಲ್ಲಿಸ್ಕೊಂಡೇ ಬಂದೆ" ಎಂದಳು ದೊಡ್ಡಮ್ಮ.

ಅಷ್ಟೇ. ಅವತ್ತಿನಿಂದ ಆ ಮನೆಯಲ್ಲಿ "ಊಟ ಆಗಿದೆ", "ಗ್ಯಾಸ್ ಮುಗಿದಿದೆ", "ಬಾಗಿಲು ಹಾಕಿ" ಎಂಬಂಥ ಮಾತು ಬಿಟ್ಟು ಬೇರೆ ಮಾತು ಬಹಳ ಕಾಲ ನಾನು ಕೇಳಲಿಲ್ಲ. ಒಂಬತ್ತು ವರ್ಷ ಒಬ್ಬರು ಮಾಡಿದ ಅಡುಗೆ ಇನ್ನೊಬ್ಬರು ಉಂಡು, ಒಂದೇ ಹಗ್ಗದ ಮೇಲೆ ಇಬ್ಬರ ಬಟ್ಟೆ ಒಣಗಿಸಿ, ಇಬ್ಬರೂ ತಮ್ಮ ತಮ್ಮ ಪಾಡಿಗೆ ಇದ್ದರು.

ನಿವೃತ್ತಿಯಾದ ನಾಲ್ಕನೇ ತಿಂಗಳಲ್ಲಿ ದೊಡ್ಡಮ್ಮನ ಹಲ್ಲು ಕೈಕೊಟ್ಟಿತು. ಸ್ಟೇರಿಂಗ್ ಹಿಡಿದು ಇಪ್ಪತ್ತಾರು ವರ್ಷ ಹಲ್ಲು ಕಚ್ಚಿದ್ದರ ಫಲ ಇದು ಎಂದು ಹಲ್ಲಿನ ಡಾಕ್ಟರು ಹೇಳಿದರು. ದವಡೆ ಹಲ್ಲು ಎಲ್ಲವನ್ನೂ ಮೂರು ಸಲಕ್ಕೆ ಕಿತ್ತರು. ವಸಡು ಒಣಗಿ ಹೊಸ ಹಲ್ಲು ಕೂರಿಸುವವರೆಗೆ ಮೆತ್ತಗಿನ ಊಟವೇ ಗತಿ. ಟೇಲರತ್ತೆ ಕರ್ತವ್ಯ ತಪ್ಪಿಸುವವಳಲ್ಲ. ಮೂರು ಹೊತ್ತೂ ಗಂಜಿ ಮಾಡಿದಳು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಸಂಜೆ ಅದೇ ಗಂಜಿ ಸ್ವಲ್ಪ ಗಟ್ಟಿಯಾಗಿ. ಹದಿನೇಳನೇ ದಿನ ದೊಡ್ಡಮ್ಮ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.

ಅವಳ ಹತ್ತಿರ ನಿವೃತ್ತ ನೌಕರರ ಪಾಸು ಇತ್ತು. ಯಾವುದೋ ಬಸ್ಸು ಬಂತು, ಹತ್ತಿದಳು. ಪ್ರಯಾಣಿಕಳಾಗಿ ಕಿಟಕಿಯ ಪಕ್ಕ ಕೂತದ್ದು ಎಷ್ಟು ಕಾಲದ ಮೇಲೋ. ಊರು ಎದುರಿನಿಂದ ಬಾರದೆ ಪಕ್ಕದಿಂದ ಹರಿಯುತ್ತಿತ್ತು. ಬಿಸಿಲು ಎಳೆಯದಾಗಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಬೀದಿ ಹೋಗಿ ಇನ್ನೊಂದು ಬಂದಿರುತ್ತಿತ್ತು. ಒಂದು ಕಡೆ ಬೇವಿನಷ್ಟು ದಟ್ಟವಾದ ಯಾವುದೋ ಮರದ ನೆರಳು ಬಸ್ಸಿನೊಳಗೆ ಬಂದು ಎಲ್ಲರ ಮಡಿಲ ಮೇಲೂ ಒಂದು ಕ್ಷಣ ಕೂತು ಎದ್ದುಹೋಯಿತು. ಆ ಮರದ ಸ್ಟಾಪಿನಲ್ಲೇ ಅವಳು ಇಳಿದುಬಿಟ್ಟಳು. ಎದುರಿಗೆ ಆರು ಮೇಜಿನ ಒಂದು ಹೋಟೆಲು ಇತ್ತು.

"ಅಗಿಯೋದು ಏನೂ ಬೇಡ. ಗಂಜೀನೂ ಬೇಡ. ಏನಿದೆ?" ಎಂದು ಕೇಳಿದಳು.

ಸರ್ವರು ನಡುವಯಸ್ಸಿನವನು. ಅವಳ ಬಾಯನ್ನು ಒಮ್ಮೆ ನೋಡಿ, ಏನೂ ಕೇಳದೆ ಒಳಗೆ ಹೋಗಿ ಒಂದು ಅಗಲ ತಟ್ಟೆ ತಂದಿಟ್ಟ. ತಟ್ಟೆಯಲ್ಲಿ ಕೆನೆಬಣ್ಣದ ಏನೋ ಸುರುಳಿಯಾಗಿ ಹರಡಿತ್ತು. ಕೆರೆಯ ನೀರಿಗೆ ಕಲ್ಲು ಬಿದ್ದ ಹಾಗೆ ನಡುವೆ ಗುಳಿ, ಗುಳಿಯಲ್ಲಿ ಹಸಿರು ಎಣ್ಣೆ. ಪಕ್ಕದಲ್ಲಿ ಬಿಸಿಬಿಸಿ ಉಬ್ಬಿದ ರೊಟ್ಟಿ.

"ಇದೇನಪ್ಪಾ?"

"ಹಮ್ಮಸ್ ಅಮ್ಮ. ಕಡಲೆಕಾಳು, ಎಳ್ಳು, ನಿಂಬೆಹುಳಿ, ಬೆಳ್ಳುಳ್ಳಿ. ಬೇಯಿಸಿ ರುಬ್ಬಿದ್ದು."

ದೊಡ್ಡಮ್ಮನಿಗೆ ನಗು ಬಂತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ಜಗತ್ತೇ ಹೇಳಿಕೊಂಡು ಬಂದಿರುವಾಗ, ಹಲ್ಲಿಲ್ಲದವರಿಗಾಗಿ ಯಾವನೋ ಪುಣ್ಯಾತ್ಮ ಕಡಲೆಗೇ ಒಂದು ದಾರಿ ಹುಡುಕಿಟ್ಟಿದ್ದ! ರೊಟ್ಟಿಯ ತುಂಡಿನಿಂದ ಒಂದಿಷ್ಟು ತೆಗೆದು ಬಾಯಿಗೆ ಇಟ್ಟಳು. ನಾಲಿಗೆಗೆ ಮೊದಲು ಎಣ್ಣೆಯ ತಂಪು, ಆಮೇಲೆ ಹುಳಿ, ಅದರ ಹಿಂದೆ ಎಲ್ಲೋ ದೂರದಲ್ಲಿ ಹುರಿದ ಎಳ್ಳಿನ ಕಹಿ. ಅದು ಕರಗಿ ಹೋದದ್ದು ತಿಳಿಯಲೇ ಇಲ್ಲ. ಅವಳು ಆ ಮೇಜಿನ ಮುಂದೆ ಒಂದೂವರೆ ಗಂಟೆ ಕೂತಿದ್ದಳಂತೆ. ಬ್ರೇಕು ಹುಡುಕುವ ಕಾಲು ಅಷ್ಟು ಹೊತ್ತೂ ಅಲುಗಾಡಲಿಲ್ಲವಂತೆ.

ಏಳುವಾಗ ಸರ್ವರನಿಗೆ ಹೇಳಿದಳು, "ಇಂಥದ್ದು ನಾನು ತಿಂದೇ ಇರಲಿಲ್ಲ ಕಣಪ್ಪಾ."

ಅವನು ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದ. "ಇದು ಏನೂ ಅಲ್ಲಮ್ಮ. ಇದಕ್ಕಿಂತ ಒಳ್ಳೇದು ಈ ಊರಲ್ಲಿದೆ. ಎಲ್ಲಿ ಅಂತ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

ಆ ಒಂದು ಮಾತು ಅವಳ ತಲೆಗೆ ಹೊಕ್ಕಿತು. ಮಂಗಳವಾರ, ಶುಕ್ರವಾರ ಎರಡು ದಿನ ಇಟ್ಟುಕೊಂಡಳು. ಹನ್ನೊಂದಕ್ಕೆ ಹೊರಡುವುದು, ಯಾವುದಾದರೂ ಬಸ್ಸು ಹತ್ತುವುದು, ಕಣ್ಣಿಗೆ ಬಿದ್ದ ಹೋಟೆಲಿನ ಬಾಗಿಲು ಹೊಕ್ಕು "ಹಮ್ಮಸ್ ಇದೆಯಾ?" ಎಂದು ಕೇಳುವುದು. ಇಲ್ಲ ಎಂದರೆ ಮುಂದಿನ ಬಾಗಿಲು.

ಟೇಲರತ್ತೆಗೆ ಗೊತ್ತಾದದ್ದು ಐದನೇ ವಾರ. ಪ್ಯಾಂಟು ಕೊಡಲು ಬಂದ ಗಿರಾಕಿಯೊಬ್ಬ, "ನಿಮ್ಮ ಅತ್ತಿಗೆಯೋರು ಮಾರ್ಕೆಟ್ಟಿನ ಹೋಟೆಲಲ್ಲಿ ತಟ್ಟೆ ಒರೆಸ್ಕೊಂಡು ತಿಂತಾ ಇದ್ರು" ಎಂದು ಬತ್ತಿಯಿಟ್ಟು ಹೋಗಿದ್ದ. ಅವತ್ತು ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ದೊಡ್ಡ ದನಿ ಕೇಳಿಸಿತು. ಅದನ್ನು ನಾನು ಕಿವಿಯಾರೆ ಕೇಳಿದೆ, ಕೋಟಿನ ಗುಂಡಿ ಹಾಕಿಸಲು ಹೋಗಿದ್ದೆ.

"ನಾನು ಒಲೆ ಮುಂದೆ ನಿಂತು ಗಂಜಿ ಕಾಯಿಸ್ತೀನಿ, ನೀವು ಹೋಟೆಲ್ ಹೋಟೆಲ್ ಸುತ್ತುತೀರಾ?"

"ಗಂಜಿ ಕುಡಿದೂ ಕುಡಿದೂ ನಾನೇ ಗಂಜಿ ಆಗೋಗಿದೀನಿ ಕಣೇ."

"ಅಂಥದ್ದು ಏನಿದೆ ಅದರಲ್ಲಿ? ಕಡಲೆ ಹಿಟ್ಟು ತಾನೇ?"

"ಬಾ. ನೀನೇ ತಿಂದು ನೋಡು."

"ಬರ್ತೀನಿ. ಅದೇನು ಮಹಾ ಅಂತ ನಾನೂ ನೋಡ್ತೀನಿ."

ಹೀಗೆ ಟೇಲರತ್ತೆ ಹೊರಟದ್ದು ಹಮ್ಮಸಿನ ಹುಳುಕು ಹುಡುಕಲು. ಆದರೆ ಅವಳ ಬೆರಳಿಗೆ ಬಟ್ಟೆಯ ನವಿರು ಹೇಗೆ ತಿಳಿಯುತ್ತಿತ್ತೋ ನಾಲಿಗೆಗೂ ಹಾಗೇ ತಿಳಿಯುತ್ತಿತ್ತು. ಮೊದಲ ತುತ್ತಿಗೇ, "ಇದು ಗೋಣಿತಟ್ಟು. ಸಿಪ್ಪೆ ತೆಗೆದಿಲ್ಲ" ಎಂದಳು. ಮುಂದಿನ ಶುಕ್ರವಾರ ಇನ್ನೊಂದು ಕಡೆ, "ಇದು ಪರವಾಗಿಲ್ಲ, ಒಗೆದೂ ಒಗೆದೂ ಮೆತ್ತಗಾದ ಹಳೇ ಹೊದಿಕೆ." ದೊಡ್ಡಮ್ಮನ ಲೆಕ್ಕ ಬೇರೆ. ಅವಳಿಗೆ ಎಲ್ಲವೂ ರಸ್ತೆ. ಒಂದು ಕಡೆಯದು ಹೊಂಡ ಬಿದ್ದ ರಸ್ತೆ, ಇನ್ನೊಂದು ಕಡೆಯದು ಹೊಸದಾಗಿ ಡಾಂಬರು ಹಾಕಿದ್ದು ಆದರೆ ತಿರುವೇ ಇಲ್ಲ, ನಿದ್ದೆ ಬರಿಸುತ್ತದೆ. ಬೆಳ್ಳುಳ್ಳಿ ಜಾಸ್ತಿಯಾದರೆ, "ಎದುರಿನ ಲಾರಿ ಹೈಬೀಮ್ ಬಿಟ್ಟ ಹಾಗಿದೆ" ಎನ್ನುತ್ತಿದ್ದಳು. ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಥವಾಗುತ್ತಿರಲಿಲ್ಲ, ಆದರೆ ತೀರ್ಪು ಮಾತ್ರ ಯಾವಾಗಲೂ ಒಂದೇ ಬರುತ್ತಿತ್ತು. ಅದು ಇಬ್ಬರಿಗೂ ಒಳಗೊಳಗೇ ಆಶ್ಚರ್ಯ.

ಆ ಚಳಿಗಾಲ ಪೂರ್ತಿ ಅವರು ಹೀಗೆ ತಿರುಗಿದರು. ಬಿಸಿಲು ಇಳಿಜಾರಾಗಿ ಬೀಳುವ ಮಧ್ಯಾಹ್ನಗಳಲ್ಲಿ, ಖಾಲಿ ಬಸ್ಸುಗಳಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಇಬ್ಬರೂ ತೂಕಡಿಸುತ್ತಾ ಹೋಗುವುದು. ಎಚ್ಚರವಾದಾಗ ಯಾವುದೋ ಗೊತ್ತಿಲ್ಲದ ಬೀದಿ. ಕಾರ್ಖಾನೆಯ ಗೋಡೆಯುದ್ದಕ್ಕೂ ಬಳ್ಳಿ. ಒಂದು ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಹಾಸಿಗೆವಸ್ತ್ರಗಳು ಗಾಳಿಗೆ ಒಟ್ಟಿಗೆ ಎದ್ದು ಒಟ್ಟಿಗೆ ಮಲಗುತ್ತಿದ್ದವು. ಒಮ್ಮೆ ಸಂಗೀತದ ವಾದ್ಯ ರಿಪೇರಿ ಮಾಡುವ ಅಂಗಡಿಯ ಹಿಂದಿನ ಹೋಟೆಲಿನಲ್ಲಿ ತಿನ್ನುತ್ತಿದ್ದಾಗ ಗೋಡೆಯಾಚೆ ಯಾರೋ ಒಂದೇ ತಂತಿಯನ್ನು ಮತ್ತೆ ಮತ್ತೆ ಮೀಟಿ ಶ್ರುತಿ ಮಾಡುತ್ತಿದ್ದರಂತೆ. ಅದು ಸರಿಯಾಗುವವರೆಗೂ ಇಬ್ಬರೂ ಕೈಯಲ್ಲಿ ರೊಟ್ಟಿ ಹಿಡಿದು ಕಾದರಂತೆ. ಅಲ್ಲಿನ ಹಮ್ಮಸ್ ಹೇಗಿತ್ತು ಎಂದು ಕೇಳಿದರೆ ಇಬ್ಬರಿಗೂ ನೆನಪಿಲ್ಲ.

ಮಾತು ಮಾತ್ರ ಹಮ್ಮಸನ್ನು ದಾಟಿ ಆಚೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೂ ನಡುವೆ ಒಂದು ಚೀಲದಷ್ಟು ಜಾಗ ಇದ್ದೇ ಇರುತ್ತಿತ್ತು. ದೊಡ್ಡಮ್ಮ ಊರೆಲ್ಲ ಸುತ್ತಿದರೂ ಹದಿನಾಲ್ಕನೇ ನಂಬರಿನ ದಾರಿಗೆ ಹೋಗುತ್ತಿರಲಿಲ್ಲ. ಟೇಲರತ್ತೆಯೂ ಹೋಗೋಣ ಎನ್ನುತ್ತಿರಲಿಲ್ಲ. ಆ ದಾರಿಯ ಕೊನೆಯಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತು.

ಫೆಬ್ರವರಿಯ ಒಂದು ಮಂಗಳವಾರ ಹೊಸ ಹಲ್ಲಿನ ಅಳತೆ ಕೊಡಲು ದೊಡ್ಡಮ್ಮ ದೊಡ್ಡಾಸ್ಪತ್ರೆಗೇ ಹೋಗಬೇಕಾಯಿತು. ಟೇಲರತ್ತೆ ಜೊತೆಗೆ ಹೋದಳು. ಕೆಲಸ ಬೇಗ ಮುಗಿಯಿತು. ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಬಸ್ಸು ಕಾಯುವ ಬದಲು ಇಬ್ಬರೂ ಸೇತುವೆಯ ಕಡೆ ನಡೆದುಕೊಂಡು ಹೊರಟರು. ಮೂರು ಸ್ಟಾಪು ನಡೆದ ಮೇಲೆ ಟೇಲರತ್ತೆ ಇದ್ದಕ್ಕಿದ್ದಂತೆ ನಿಂತು ಗಾಳಿ ಮೂಸಿದಳು.

"ಎಳ್ಳು ಹುರೀತಿದಾರೆ ಅತ್ತಿಗೆ."

ಬಸ್ ಸ್ಟಾಪಿಗೆ ಎದುರಾಗಿ, ಹಸಿರು ಬಾಗಿಲಿನ ಹಳೇ ಹೋಟೆಲು. ಬೀದಿಗೆ ತೆರೆದ ದೊಡ್ಡ ಕಿಟಕಿ, ಕಿಟಕಿಯ ಒಳಗೆ ಒಲೆ. ದೊಡ್ಡಮ್ಮ ಆ ಬಾಗಿಲನ್ನು ಸಾವಿರಾರು ಸಲ ನೋಡಿದ್ದಳು. ಇಬ್ಬರೂ ಒಳಗೆ ಹೋಗಿ ಕೂತರು. ಹಮ್ಮಸ್ ಬಂತು. ತಿಂದರು. ಟೇಲರತ್ತೆ ಹುಬ್ಬು ಗಂಟು ಹಾಕಿ, "ಬಟ್ಟೆ ಒಳ್ಳೇದೇ, ಹೊಲಿಗೆ ಅವಸರದ್ದು" ಎಂದಳು.

ಒಲೆಯ ಹತ್ತಿರ ನಿಂತಿದ್ದ ಅಡುಗೆಯವನು ದೊಡ್ಡಮ್ಮನನ್ನೇ ನೋಡುತ್ತಿದ್ದ. ಐವತ್ತು ದಾಟಿದ ದಪ್ಪ ಮನುಷ್ಯ. ಕೊನೆಗೆ ಸೌಟು ಕೆಳಗಿಟ್ಟು, ಕೈ ಒರೆಸಿಕೊಳ್ಳುತ್ತಾ ಬಂದೇ ಬಂದ.

"ತಪ್ಪು ತಿಳೀಬೇಡಿ. ನೀವು ಹನ್ನೊಂದೂ ನಲವತ್ತರ ಡ್ರೈವರಮ್ಮ ಅಲ್ವಾ?"

ದೊಡ್ಡಮ್ಮ ತಬ್ಬಿಬ್ಬಾಗಿ ಹೌದೆಂದಳು. ಅವನು ಕುರ್ಚಿ ಎಳೆದುಕೊಂಡು ಕೂತೇಬಿಟ್ಟ. ಕಳೆದುಹೋದ ನೆಂಟರು ಸಿಕ್ಕಿದಷ್ಟು ಸಂತೋಷ ಅವನ ಮುಖದಲ್ಲಿ.

"ಈ ಅಂಗಡಿ ನಮ್ಮ ಮಾವಂದು. ಅಡುಗೆಮನೇಲಿ ಗಡಿಯಾರ ಇಡೋಕೆ ಬಿಡ್ತಿರಲಿಲ್ಲ. ಗಡಿಯಾರ ನೋಡ್ಕೊಂಡು ಬೇಯಿಸೋನು ಅಡುಗೆಯವನೇ ಅಲ್ಲ, ಕೈಯಲ್ಲಿ ಹಿಸುಕಿ ತಿಳ್ಕೋಬೇಕು ಅಂತಿದ್ರು. ನನಗೆ ಜನ್ಮದಲ್ಲಿ ಅದು ತಿಳೀಲಿಲ್ಲಮ್ಮ. ನಾನೊಂದು ಕಳ್ಳದಾರಿ ಹಿಡಿದೆ. ಈ ಕಿಟಕೀಲಿ ನಿಮ್ಮ ಬಸ್ಸು ಬಂದು ನಿಂತ ಕೂಡಲೇ ಕಡಲೆ ಪಾತ್ರೆ ಇಳಿಸ್ತಿದ್ದೆ. ಅಷ್ಟು ಸರಿಯಾಗಿ ಬರ್ತಿದ್ರಿ ನೀವು. ಮಾವ ನನ್ನ ಕೈಗುಣ, ಕೈಗುಣ ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಸಾಯೋವರೆಗೂ ಅವರಿಗೆ ಗೊತ್ತಾಗಲಿಲ್ಲ."

ದೊಡ್ಡಮ್ಮ ನಕ್ಕಳು. ಟೇಲರತ್ತೆಯೂ ನಕ್ಕಳು.

"ನೀವು ರಿಟೈರ್ ಆದ ಮೇಲೆ ನಮ್ಮ ಹಮ್ಮಸ್ ಕೆಟ್ಟೋಯ್ತು" ಎಂದು ಅವನು ಮುಂದುವರಿಸಿದ. "ಹೊಸ ಡ್ರೈವರು ಮನಸ್ಸು ಬಂದಾಗ ಬರ್ತಾನೆ. ಈಗ ಗಡಿಯಾರ ತಂದಿಟ್ಟಿದೀನಿ, ಆದ್ರೂ ಯಾಕೋ ಕೂಡಿ ಬರ್ತಿಲ್ಲ. ನೀವು ಮಾತ್ರ ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನನಗೆ ಕೈಕೊಟ್ಟಿದ್ದು."

ಅತ್ತಿಗೆಯ ತಪ್ಪು ಎಂದರೆ ಟೇಲರತ್ತೆಯ ಕಿವಿ ನೆಟ್ಟಗಾಗುತ್ತಿತ್ತು. "ಯಾವಾಗ?" ಎಂದು ಕೇಳಿದಳು.

"ನಮ್ಮ ಕೊನೇ ಮಗಳು ಹುಟ್ಟಿದ ವಾರ, ಅದಕ್ಕೇ ನೆನಪು. ಅವಳಿಗೆ ಈಗ ಒಂಬತ್ತು ತುಂಬಿ ಹತ್ತು. ಇಂಥದ್ದೇ ಮಂಜು. ಅವತ್ತು ಬಸ್ಸು ಆರೇಳು ನಿಮಿಷ ಮುಂಚೆ ಬಂತು. ನನಗೇನು ಗೊತ್ತು, ಬಸ್ಸು ಕಂಡ ತಕ್ಷಣ ಪಾತ್ರೆ ಇಳಿಸಿಬಿಟ್ಟೆ. ನೋಡಿದ್ರೆ ಬಸ್ಸು ನಿಲ್ಲಲೇ ಇಲ್ಲ! ಸ್ಟಾಪಲ್ಲಿ ಜನ ಕೈ ಒಡ್ಡಿದ್ರು, ಬಾಯಿ ಬಡ್ಕೊಂಡ್ರು. ಹಾರನ್ ಒತ್ತಿ ಹಿಡ್ಕೊಂಡು, ದೀಪ ಹಾಕ್ಕೊಂಡು, ಆ ಕೆಂಪು ಸಿಗ್ನಲ್ಲೂ ದಾಟಿ ಹೊರಟೇಹೋಯ್ತು. ಕಿಟಕೀಲಿ ನಿಮ್ಮ ಮುಖ ನೋಡಿದೆ. ಬಯ್ಯೋಕೆ ಮನಸ್ಸು ಬರಲಿಲ್ಲಮ್ಮ. ಕಡಲೆ ಬೆಂದಿರಲಿಲ್ಲ, ಮಾವ ಇಡೀ ಪಾತ್ರೆ ಎಸೆಸಿದ್ರು. ಯಾರಿಗೋ ಏನೋ ಆಗಿರಬೇಕು ಅಂದ್ಕೊಂಡೆ. ಮಾರನೇ ದಿನದಿಂದ ಹದಿನೈದು ದಿನ ನೀವು ಬರಲಿಲ್ಲ."

ಒಲೆಯ ಮೇಲೆ ಏನೋ ಉಕ್ಕಿತು. ಅವನು ಎದ್ದು ಓಡಿದ. ದೊಡ್ಡಮ್ಮ ತಟ್ಟೆಯನ್ನು ನೋಡುತ್ತಿದ್ದಳು. ಟೇಲರತ್ತೆ ಕೈ ಒರೆಸುವ ಬಟ್ಟೆಯನ್ನು ತೆಗೆದುಕೊಂಡು ಅಂಚನ್ನು ಒಂದು ಸಲ ಮಡಿಚಿದಳು, ಮತ್ತೊಂದು ಸಲ ಮಡಿಚಿದಳು, ಹೆಬ್ಬೆರಳಿನಿಂದ ಉದ್ದಕ್ಕೂ ತೀಡಿದಳು.

ಮನೆಗೆ ವಾಪಸು ಬಂದದ್ದು ಹದಿನಾಲ್ಕನೇ ನಂಬರಿನಲ್ಲೇ. ಬಸ್ಸಿನಲ್ಲಿ ಇವರನ್ನು ಬಿಟ್ಟರೆ ನಾಲ್ಕು ಜನ. ಸೇತುವೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೆಳಗೆ ನದಿ ಇದೆ ಎಂದು ನಂಬಿಕೊಳ್ಳಬೇಕಿತ್ತು, ಅಷ್ಟೆ. ಬಸ್ಸು ತೇಲಿದ ಹಾಗೆ ಹೋಗುತ್ತಿತ್ತು. ಆ ದಿನ ಏನು ಮಾತಾಡಿದರು ಎಂದು ಎಷ್ಟೋ ತಿಂಗಳ ಮೇಲೆ ಟೇಲರತ್ತೆ ನನಗೆ ಹೇಳಿದಳು, ಮಿಷನ್ನಿನ ಮುಂದೆ ತಲೆ ತಗ್ಗಿಸಿಕೊಂಡು, ಸೂಜಿಗೆ ದಾರ ಪೋಣಿಸುತ್ತಾ.

"ಯಾಕೆ ಸುಳ್ಳು ಹೇಳಿದ್ರಿ ಅತ್ತಿಗೆ?" ಎಂದು ಅವಳು ಕೇಳಿದಳಂತೆ.

ದೊಡ್ಡಮ್ಮ ಕಿಟಕಿಯ ಗಾಜಿನ ಹಬೆಯನ್ನು ಅಂಗೈಯಿಂದ ಒರೆಸಿದಳು. "ಮೊದಲು ಭಯ ಇತ್ತು. ಸಿಗ್ನಲ್ ದಾಟಿದ್ದು ಗೊತ್ತಾದ್ರೆ ಕೆಲಸಾನೇ ಹೋಗ್ತಿತ್ತು."

"ಆಮೇಲೆ?"

"ಆಮೇಲೆ... ನಿಲ್ಲಿಸ್ಕೊಂಡು ಬಂದೆ, ಅದಕ್ಕೇ ತಡ ಆಯ್ತು ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ. ಕೋರ್ಟಿಂದ ಆಸ್ಪತ್ರೆವರೆಗೂ ಒಂದು ಕಡೆನೂ ನಿಲ್ಲಿಸದೆ ಬಂದೆ, ಆದ್ರೂ ಸಿಗಲಿಲ್ಲ ಅಂದ್ರೆ ಅದನ್ನ ಮನಸ್ಸಲ್ಲಿ ಏನಂತ ಇಟ್ಕೊಳ್ಳೋದು ಹೇಳು?"

ಟೇಲರತ್ತೆ ಹೇಳಿದಳು, "ಒಂಬತ್ತು ವರ್ಷ ನಿಮ್ಮನ್ನ ಮನಸ್ಸಲ್ಲೇ ಬೈಕೊಂಡೆ ನಾನು."

"ಗೊತ್ತು. ನಿನಗೂ ಬಯ್ಯೋಕೆ ಯಾರಾದ್ರೂ ಬೇಕಿತ್ತಲ್ಲ. ಇದ್ದಿದ್ದು ನಾನೊಬ್ಬಳೇ."

ಬಸ್ಸು ಕೋರ್ಟಿನ ಮುಂದೆ ತಿರುಗಿತು. ದೊಡ್ಡಮ್ಮ ಮತ್ತೆ ಹೇಳಿದಳಂತೆ, "ಆ ದಿನ ಬಸ್ಸಲ್ಲಿ ಮೂವತ್ತೈದು ಜನ ಇದ್ರು ಕಣೇ. ಇಳಿಯೋರು ಇಳಿಯೋಕೆ ಆಗದೆ ಹಾಗೇ ಬಂದ್ರು. ಯಾರೂ ಗಂಟೆ ಹೊಡೀಲಿಲ್ಲ. ಒಬ್ಬರೂ ಡಿಪೋಗೆ ದೂರು ಕೊಡಲಿಲ್ಲ. ಅವರಲ್ಲಿ ಒಬ್ಬರ ಮುಖಾನೂ ನನಗೆ ನೆನಪಿಲ್ಲ. ದಾರೀಲಿ ಹೋಗೋರನ್ನೆಲ್ಲ ನೋಡ್ತೀನಿ, ಇವರಿರಬಹುದಾ, ಅವರಿರಬಹುದಾ ಅಂತ."

ಟೇಲರತ್ತೆಗೆ ಅಳು ಬಂದರೆ ಸಿಟ್ಟಿನ ಬಟ್ಟೆ ಹಾಕಿಕೊಂಡೇ ಬರುವುದು. "ಎಂಥಾ ಹೆಂಗಸು ನೀವು!" ಎಂದು ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಗದರಿದಳು. ಆಮೇಲೆ ಮೂಗು ಒರೆಸಿಕೊಂಡು, "ಮನೇಲಿ ಮೊಸರಿಲ್ಲ. ಮುಂದಿನ ಸ್ಟಾಪಲ್ಲಿ ಇಳೀರಿ, ತಗೊಂಡು ಹೋಗೋಣ" ಎಂದಳು.

ಮೊಸರು ತೆಗೆದುಕೊಂಡು ಹೋದರು. ನಾನು ಮುಂದಿನ ಭಾನುವಾರ ಹೋದಾಗ ಮೆಟ್ಟಿಲ ಮೇಲೇ ಅವರಿಬ್ಬರ ದನಿ ಕೇಳಿಸಿತು. ನಿಂಬೆಹುಳಿ ಮೊದಲು ಹಿಂಡಬೇಕೋ ಕೊನೆಗೋ ಎಂದು ಜಗಳ. ಹಾವು ಮುಂಗುಸಿಯ ಹಾಗೆ ಕಚ್ಚಾಡುತ್ತಿದ್ದರು. ನನಗೆ ಬಾಗಿಲು ತಟ್ಟಲು ಮನಸ್ಸಾಗದೆ ಹೊರಗೇ ಸ್ವಲ್ಪ ಹೊತ್ತು ನಿಂತಿದ್ದೆ.

ದೊಡ್ಡಮ್ಮನಿಗೆ ಹೊಸ ಹಲ್ಲು ಬಂತು. ಈಗ ಏನು ಬೇಕಾದರೂ ಅಗಿಯಬಹುದಿತ್ತು. ಆದರೆ ಹಮ್ಮಸ್ ಮುಂದೆ ಬಂದ ಕೂಡಲೇ ಆ ಕಡೆ ಈ ಕಡೆ ನೋಡಿ, ಹಲ್ಲಿನ ಸೆಟ್ಟನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. "ಇದನ್ನ ಹಾಕ್ಕೊಂಡು ತಿಂದ್ರೆ ಗೊತ್ತಿಲ್ಲದೋರ ಮುಂದೆ ತಿಂದ ಹಾಗಾಗುತ್ತೆ" ಎನ್ನುತ್ತಿದ್ದಳು. ಹಸಿರು ಬಾಗಿಲಿನ ಅಡುಗೆಯವನ ಹತ್ತಿರವೂ ಹೋಗಿ ಬರುತ್ತಿದ್ದರು. ಕಡಲೆಯನ್ನು ಬೆರಳಲ್ಲಿ ಹಿಸುಕಿ ತಿಳಿಯುವುದು ಹೇಗೆಂದು ಟೇಲರತ್ತೆಯೇ ಅವನಿಗೆ ಕಲಿಸಿದಳು. "ಕಣ್ಣು ಮುಚ್ಕೋ. ಒದ್ದೆ ಮಖಮಲ್ಲು ಮುಟ್ಟಿದ ಹಾಗಾದಾಗ ಇಳಿಸು." ಅವನು ಮಖಮಲ್ಲನ್ನು ಯಾವತ್ತೂ ಮುಟ್ಟಿರಲಿಲ್ಲ. ಅವಳು ಒಂದು ತುಂಡು ತಂದುಕೊಟ್ಟಳು. ಹಮ್ಮಸ್ ಸ್ವಲ್ಪ ಸುಧಾರಿಸಿತು, ಆದರೂ ಮೂರನೇ ಸ್ಥಾನ ಬಿಟ್ಟು ಮೇಲೆ ಬರಲಿಲ್ಲ. ನಂಟಿಗಾಗಿ ತೀರ್ಪು ಬದಲಿಸುವವರಲ್ಲ ಇಬ್ಬರೂ.

ಹುಡುಕಾಟ ಶುರುವಾಗಿ ಎರಡು ವರ್ಷದ ಮೇಲೆ ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಊರಿನ ಅಂಚಿನಲ್ಲಿ, ಹಳೇ ಟೈರು ಮಾರುವ ಅಂಗಡಿಗಳ ಸಾಲು ದಾಟಿದ ಮೇಲೆ, ಒಬ್ಬ ಹೆಂಗಸು ತನ್ನ ಮನೆಯ ಕೆಳಗಿನ ಕೋಣೆಯಲ್ಲೇ ಐದು ಮೇಜು ಹಾಕಿ ನಡೆಸುವ ಹೋಟೆಲು. ಬೋರ್ಡಿಲ್ಲ. ಬಸ್ಸಿನಲ್ಲಿ ಸಿಕ್ಕ ನರ್ಸೊಬ್ಬಳು ಅದರ ಗುರುತು ಹೇಳಿದ್ದಳಂತೆ. ನಾವು ಹೋದಾಗ ಇನ್ನೂ ಹತ್ತು ಗಂಟೆ, ಷಟರು ಅರ್ಧ ತೆರೆದಿತ್ತು. ಆ ಹೆಂಗಸು ಬಗ್ಗಿ ನೋಡಿ, "ಇನ್ನೂ ಒಂದೂವರೆ ಗಂಟೆ ಇದೆ. ಈಗ ತಾನೇ ಕಡಲೆ ಇಳಿಸಿದೀನಿ" ಎಂದಳು.

"ಕಾಯ್ತೀವಿ ಬಿಡಮ್ಮ" ಎಂದಳು ದೊಡ್ಡಮ್ಮ.

ನಾವು ಮೂವರೂ ಮೆಟ್ಟಿಲ ಮೇಲೆ ಕೂತೆವು. ಬೀದಿಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಷಟರಿನ ಕೆಳಗಿನಿಂದ ಮತ್ತೆ ಮುಖ ಕಾಣಿಸಿತು.

"ಸುಮ್ಮನೆ ಕೂತಿದೀರಲ್ಲ, ಸಿಪ್ಪೆ ತೆಗೆದು ಕೊಡ್ತೀರಾ? ಇವತ್ತು ನಾನೊಬ್ಬಳೇ."

ಬಗ್ಗಿ ಒಳಗೆ ಹೋದೆವು. ಅಗಲವಾದ ಬೋಗುಣಿಯ ತುಂಬ ಬೆಚ್ಚಗಿನ ನೀರು, ನೀರಿನಲ್ಲಿ ಬೆಂದ ಕಡಲೆ. ಮೂವರೂ ತೋಳು ಮಡಿಚಿ ಕೈ ಇಳಿಬಿಟ್ಟೆವು. ಬೆರಳುಗಳ ನಡುವೆ ಮೆಲ್ಲಗೆ ಉಜ್ಜಿದರೆ ಸಿಪ್ಪೆ ತಾನಾಗಿ ಕಳಚಿ ಮೇಲೆ ಬರುತ್ತಿತ್ತು. ತೆಳ್ಳಗೆ, ಪಾರದರ್ಶಕವಾಗಿ, ಯಾವುದೋ ಹುಳುವಿನ ರೆಕ್ಕೆಗಳ ಹಾಗೆ. ಹೆಂಗಸು ಅವನ್ನು ಜಾಲರಿಯಿಂದ ತೆಗೆದು ಪಕ್ಕಕ್ಕೆ ಹಾಕುತ್ತಿದ್ದಳು. ಷಟರಿನ ಕೆಳಗಿನಿಂದ ಬಂದ ಬಿಸಿಲು ನೆಲದ ಮೇಲೆ ಉದ್ದಕ್ಕೆ ಮಲಗಿತ್ತು. ನೀರಿನ ಬಿಸಿಗೆ ನನಗೆ ನಿದ್ದೆ ಬರುವ ಹಾಗಾಯಿತು. ದೊಡ್ಡಮ್ಮನ ಕಣ್ಣು ಆಗಲೇ ಮುಚ್ಚಿತ್ತು, ಬೆರಳು ಮಾತ್ರ ಆಡುತ್ತಿತ್ತು.

"ಅತ್ತಿಗೆ, ಮಲಗಿದ್ರಾ?" ಎಂದಳು ಟೇಲರತ್ತೆ.

"ಇಲ್ಲ ಕಣೇ."

"ನಿಮ್ಮ ಕಡೆ ಸಿಪ್ಪೆ ಉಳೀತಿದೆ. ನನ್ನ ಕಡೆ ತಳ್ಳಿ."

ದೊಡ್ಡಮ್ಮ ಕಣ್ಣು ತೆರೆಯದೆಯೇ ನೀರಿನೊಳಗೆ ಕಡಲೆಯನ್ನೆಲ್ಲ ಅಂಗೈಯಿಂದ ಅವಳ ಕಡೆ ಸರಿಸಿದಳು.